ದ್ವಿಚಕ್ರ ಪ್ರವಾಸಕಥನಗಳಲ್ಲಿ ‘ನಾವು’ ಎಂಬ ಶಬ್ದ

ಕಳೆದ ಶ್ರಾವಣಮಾಸದಲ್ಲಿ ನನ್ನ ಹಳೆಯ ಶಿಷ್ಯರಲ್ಲಿ ನಾಲ್ವರು ಮನೆಗೆ ಬಂದು, ತಾವು ಬೈಸಿಕಲ್ಲುಗಳ ಮೇಲೆ ನಮ್ಮೂರಿನಿಂದ ಕಾಶಿಯವರೆಗೆ ಮಾಡಿದ ಪ್ರವಾಸದ ವೃತ್ತಾಂತವನ್ನು ಬರೆದಿಟ್ಟಿರುವುದಾಗಿಯೂ, ಅದನ್ನು ತಿದ್ದಿ, ಸಾಧ್ಯವಾದರೆ ನಾಲ್ಕು ಮಾತಿನ ಮುನ್ನುಡಿಯನ್ನು ಬರೆದುಕೊಡಬೇಕೆಂದೂ ಕೇಳಿಕೊಂಡರು. ಉಪಾಧ್ಯಾಯವೃತ್ತಿಯಿಂದ ನಿವೃತ್ತನಾದವನಿಗೆ ತಿದ್ದುವ ಕೆಲಸ ಸಿಕ್ಕುವುದೇ ಒಂದು ಸಂತೋಷ. ನಾನು ಒಂದು ವಾರ ಕುಳಿತು ಕಾಗುಣಿತವನ್ನು ತಿದ್ದಿದೆನು. ವಿಭಕ್ತಿ ತಪ್ಪಿದೆಡೆಗಳನ್ನು ಸರಿಪಡಿಸಿದೆನು. ಅಂಚಿನಲ್ಲಿ ಮೂರು ನಾಲ್ಕು ಕಡೆ ‘ಸೊಗಸಾಗಿದೆ’ ಎಂದೂ ಬರೆದೆನು. ಮುನ್ನುಡಿಯನ್ನು ಆರಂಭಿಸುವಷ್ಟರಲ್ಲಿ ಇನ್ನೊಬ್ಬ ಹಳೆಯ ಶಿಷ್ಯನು ಬೇರೆ ಯಾವುದೋ ಕೆಲಸಕ್ಕಾಗಿ ಬಂದನು. ಮೇಜಿನ ಮೇಲಿದ್ದ ಪ್ರತಿಯನ್ನು ಕಂಡು ಕೈಗೆತ್ತಿಕೊಂಡನು. ನಡುವಿನ ಒಂದು ಪುಟದವರೆಗೆ ಹಾಳೆಗಳನ್ನು ಬೇಗಬೇಗನೆ ಮಗುಚಿ, ಅಲ್ಲಿ ಸ್ವಲ್ಪ ಹೊತ್ತು ನಿಂತು, ಮುಚ್ಚಿಟ್ಟು, “ಚೆನ್ನಾಗಿ ಬರೆದಿದ್ದಾರೆ, ಮೇಷ್ಟ್ರೇ” ಎಂದು ಹೇಳಿ ಹೊರಟುಹೋದನು.

ಅವನು ಹೋದಮೇಲೆ ನಾನು ಆ ಪುಟವನ್ನು ತೆಗೆದು ನೋಡಿದೆನು. ಊರಿನಿಂದ ಹೊರಟವರು ಐವರು. ನಾಗಪುರದವರೆಗೆ ‘ನಾವು ಐವರು’ ಎಂದಿದೆ. ನಾಗಪುರದಿಂದ ಮುಂದಕ್ಕೆ ‘ನಾವು ನಾಲ್ವರು’ ಎಂದಿದೆ. ನಡುವೆ ಒಂದೇ ವಾಕ್ಯ: ಅನಿವಾರ್ಯಕಾರಣದಿಂದ ಒಬ್ಬ ಮಿತ್ರರು ಹಿಂದಿರುಗಿದರು ಎಂದು. ಆ ಮಿತ್ರನೇ ಈಗ ಬಂದುಹೋದವನು. ಒಂದು ವಾರ ದೀರ್ಘ ಹ್ರಸ್ವಗಳನ್ನು ಹುಡುಕಿದ ನನ್ನ ಕಣ್ಣಿಗೆ ಒಬ್ಬ ಮನುಷ್ಯನು ಬಿಟ್ಟುಹೋದುದು ಕಾಣಲಿಲ್ಲ.

ಈ ಪ್ರಸಂಗದಿಂದ ಹುಟ್ಟಿದ ಆಲೋಚನೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ. ತಂಡ ಕಟ್ಟಿಕೊಂಡು ದೇಶವನ್ನು ದಾಟಿದವರು ಗ್ರಂಥ ಬರೆಯುವಾಗ ‘ನಾವು’ ಎನ್ನುವರು. ಆ ‘ನಾವು’ ಎಂಬುದರೊಳಗೆ ಯಾರು ಯಾರು ಇದ್ದಾರೆ? ಇದು ವ್ಯಾಕರಣದ ಪ್ರಶ್ನೆಯಂತೆ ತೋರಿದರೂ ಕೇವಲ ವ್ಯಾಕರಣದ್ದಲ್ಲ. ಹನ್ನೊಂದನೆಯ ಶತಮಾನದ ಕಾಶ್ಮೀರಕನಾದ ಕ್ಷೇಮೇಂದ್ರನು ತನ್ನ ‘ಔಚಿತ್ಯವಿಚಾರಚರ್ಚೆ’ಯಲ್ಲಿ ಔಚಿತ್ಯವು ನೆಲೆಸುವ ಸ್ಥಾನಗಳನ್ನು ಎಣಿಸುವಾಗ, ರಸ ಗುಣ ಅಲಂಕಾರಗಳ ಜೊತೆಯಲ್ಲಿಯೇ ವಚನವನ್ನೂ ಎಣಿಸಿದ್ದಾನೆ. ಏಕವಚನವೋ ಬಹುವಚನವೋ ಎಂಬುದರಲ್ಲಿಯೂ ಕಾವ್ಯದ ಜೀವ ಅಡಗಿರಬಹುದೆಂದು ಆ ಸೂಕ್ಷ್ಮದರ್ಶಿಯು ಕಂಡಿದ್ದನು. ಪಾಠಶಾಲೆಯಲ್ಲಿ ಅದನ್ನು ಓದಿದಾಗ, ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟು ದೊಡ್ಡ ಮರ್ಯಾದೆಯೇಕೆ ಎಂದು ನನಗೆ ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ.

ನಮ್ಮ ನೆರೆಯ ತೆಲುಗಿನಲ್ಲಿ ‘ಮೇಮು’, ‘ಮನಮು’ ಎಂದು ಎರಡು ಶಬ್ದಗಳಿವೆ. ತಮಿಳಿನಲ್ಲಿ ‘ನಾಂಗಳ್’, ‘ನಾಮ್’ ಎಂದು ಎರಡಿವೆ. ಕೇಳುವವನನ್ನು ಹೊರಗಿಟ್ಟು ಹೇಳುವುದಕ್ಕೆ ಒಂದು, ಒಳಗೊಂಡು ಹೇಳುವುದಕ್ಕೆ ಒಂದು. ಇಂದಿನ ಕನ್ನಡದಲ್ಲಿ ಇರುವುದು ‘ನಾವು’ ಎಂಬ ಒಂದೇ ಶಬ್ದ. ಆದುದರಿಂದ ಕನ್ನಡದ ಪ್ರವಾಸಲೇಖಕನು ‘ನಾವು ನರ್ಮದೆಯನ್ನು ದಾಟಿದೆವು’ ಎಂದಾಗ, ಓದುವವನೂ ದಾಟಿದನೋ ದಡದಲ್ಲಿಯೇ ಉಳಿದನೋ ಎಂಬುದನ್ನು ಶಬ್ದವು ಹೇಳುವುದಿಲ್ಲ. ಬರವಣಿಗೆಯ ರೀತಿಯೇ ಹೇಳಬೇಕು.

ಮೊದಲು ಒಂಟಿ ಸವಾರನ ಮಾತನ್ನು ನೋಡೋಣ. ಥಾಮಸ್ ಸ್ಟೀವನ್ಸ್ ಎಂಬಾತನು ೧೮೮೪ನೆಯ ಏಪ್ರಿಲ್ ೨೨ರಂದು ಸ್ಯಾನ್‌ಫ್ರಾನ್ಸಿಸ್ಕೋದಿಂದ ಹೊರಟು, ಆಗಸ್ಟ್ ೪ರಂದು ಬಾಸ್ಟನ್ ಸೇರಿ, ಅಮೆರಿಕಾಖಂಡವನ್ನು ದಾಟಿದನು. ಅವನ ವಾಹನ ಇಂದಿನ ಸೈಕಲ್ಲಿನಂತಲ್ಲ. ಮುಂದಿನ ಚಕ್ರವು ಐವತ್ತು ಅಂಗುಲದಷ್ಟು ಎತ್ತರ, ಹಿಂದಿನದು ಚಿಕ್ಕದು, ಸೀಟು ದೊಡ್ಡ ಚಕ್ರದ ತಲೆಯ ಮೇಲೆ. ಸುಮಾರು ೩,೭೦೦ ಮೈಲಿಗಳ ಆ ದಾರಿಯಲ್ಲಿ ಸುಮಾರು ಮೂರರಲ್ಲೊಂದು ಪಾಲನ್ನು ಅವನು ನಡೆದೇ ದಾಟಬೇಕಾಯಿತು. ಮುಂದೆ ಯೂರೋಪು, ಪರ್ಷಿಯಗಳನ್ನು ಹಾದು, ೧೮೮೬ರಲ್ಲಿ ಲಾಹೋರಿನಿಂದ ಕಲ್ಕತ್ತೆಯವರೆಗೆ ನಮ್ಮ ಹೆದ್ದಾರಿಯ ಮೇಲೂ ಬಂದನು. ಅವನ ಎರಡು ಸಂಪುಟಗಳ ಗ್ರಂಥದಲ್ಲಿ ವಚನದ ಸಂದೇಹವೇ ಇಲ್ಲ. ಬಿದ್ದವನೂ ಅವನೇ, ಎದ್ದವನೂ ಅವನೇ, ಬರೆದವನೂ ಅವನೇ. ‘ನಾನು’ ಎಂಬ ಮಾತಿನಲ್ಲಿ ಅಹಂಕಾರವಿರಬಹುದು. ಆದರೆ ಲೆಕ್ಕ ತಪ್ಪುವುದಿಲ್ಲ.

ಮೂವರು ಹೊರಟಾಗ ಕಷ್ಟವು ಆರಂಭವಾಗುವುದು. ಜಾನ್ ಫಾಸ್ಟರ್ ಫ್ರೇಸರ್, ಲನ್, ಲೋ ಎಂಬ ಮೂವರು ಬ್ರಿಟಿಷರು ೧೮೯೬ರ ಜುಲೈಯಲ್ಲಿ ಲಂಡನ್ನಿನಿಂದ ಹೊರಟು, ಹದಿನೇಳು ದೇಶಗಳಲ್ಲಿ ೧೯,೨೩೭ ಮೈಲಿ ಸವಾರಿಮಾಡಿ, ೧೮೯೮ರಲ್ಲಿ ಹಿಂದಿರುಗಿದರು. ೧೮೯೯ರಲ್ಲಿ ಪ್ರಕಟವಾದ ಗ್ರಂಥವನ್ನು ಬರೆದವನು ಫ್ರೇಸರನೊಬ್ಬನೇ. ಅವನಲ್ಲಿ ಒಂದು ಗುಣವಿದೆ: ತಾವು ಲೋಕೋಪಕಾರಕ್ಕಾಗಿ ಹೊರಡಲಿಲ್ಲ, ಹೆಸರು ಪತ್ರಿಕೆಗಳಲ್ಲಿ ಬರಲೆಂಬ ಆಸೆಯಿಂದ ಹೊರಟೆವೆಂದು ಆರಂಭದಲ್ಲಿಯೇ ಒಪ್ಪಿಕೊಳ್ಳುತ್ತಾನೆ. ಈ ನೇರನುಡಿ ಮೆಚ್ಚತಕ್ಕದ್ದು. ದೋಷವೂ ಉಂಟು, ಅವನ ಹಾಸ್ಯವು ಎಷ್ಟೋ ಕಡೆ ಏಷ್ಯದ ಜನರ ಅವಹೇಳನಕ್ಕೆ ಇಳಿಯುತ್ತದೆ. ಪ್ರಕೃತಕ್ಕೆ ಮುಖ್ಯವಾದ ಮಾತೆಂದರೆ, ಆ ‘ನಾವು’ ಮೂವರದಾದರೂ ಲೇಖನಿಯು ಒಬ್ಬನದು. ಒಬ್ಬನು ಇಬ್ಬರ ಪರವಾಗಿಯೂ ಆಡಿದ ಮಾತಿನಲ್ಲಿ ಆ ಇಬ್ಬರ ಸ್ವರ ಎಷ್ಟು ಉಳಿದೀತು?

ಈಗ ನಮ್ಮ ದೇಶದ ಗ್ರಂಥಕ್ಕೆ ಬರೋಣ. ಮುಂಬಯಿಯ ವ್ಯಾಯಾಮಸಂಘವೊಂದರ ಆರು ಮಂದಿ ಪಾರಸೀ ತರುಣರು ೧೯೨೩ನೆಯ ಅಕ್ಟೋಬರ್ ೧೫ರಂದು ಭೂಪ್ರದಕ್ಷಿಣೆಗೆಂದು ಸೈಕಲ್ಲುಗಳನ್ನೇರಿ ಹೊರಟರು. ಅದಿ ಹಕೀಮ್, ಜಾಲ್ ಬಾಪಸೋಲ, ರುಸ್ತುಂ ಭೂಮ್‌ಗರ, ಗುಸ್ತಾದ್ ಹಾಥೀರಾಮ್, ಕೇಕಿ ಪೋಚಖಾನಾವಾಲ, ನರಿಮಾನ್ ಕಪಾಡಿಯ ಎಂಬಿವರೇ ಆ ಆರು ಜನ. ಪಂಜಾಬು, ಬಲೂಚಿಸ್ತಾನ, ಪರ್ಷಿಯಗಳನ್ನು ದಾಟಿ, ಬಾಗ್ದಾದಿನಿಂದ ಅಲೆಪ್ಪೋವರೆಗಿನ ಮರಳುಗಾಡನ್ನು ಇಪ್ಪತ್ತಮೂರು ದಿನಗಳಲ್ಲಿ ಕಳೆದು, ಯೂರೋಪನ್ನು ಸುತ್ತಿ, ಅಮೆರಿಕೆಯನ್ನು ಒಂದು ಸಮುದ್ರತೀರದಿಂದ ಇನ್ನೊಂದು ಸಮುದ್ರತೀರದವರೆಗೆ ದಾಟಿ, ಜಪಾನು, ಕೊರಿಯ, ಚೀನ, ಇಂಡೋಚೀನ, ಸಯಾಮು, ಬರ್ಮಾಗಳ ಮೂಲಕ ತಂಡವು ೧೯೨೮ನೆಯ ಮಾರ್ಚ್ ೧೮ರಂದು ಮುಂಬಯಿಗೆ ಮರಳಿತು. ಒಟ್ಟು ಸುಮಾರು ೪೪,೦೦೦ ಮೈಲಿ, ಎಂದರೆ ೭೧,೦೦೦ ಕಿಲೋಮೀಟರು. ಹಿಂದೆ ಬರುವ ಮೋಟಾರಿಲ್ಲ, ಮುಂದೆ ಕಾದಿರುವ ಬಿಡಾರವಿಲ್ಲ. ಪರಾಧೀನದೇಶದ ಪ್ರಜೆಗಳೆಂಬ ಸ್ಥಿತಿ ಬೇರೆ. ಇಂತಹ ಸಾಹಸವನ್ನು ಯಾರು ಕೊಂಡಾಡದಿರುವರು? ೧೯೩೧ರಲ್ಲಿ ‘ವಿತ್ ಸೈಕ್ಲಿಸ್ಟ್ಸ್ ಅರೌಂಡ್ ದಿ ವರ್ಲ್ಡ್’ ಎಂಬ ಹೆಸರಿನಿಂದ ಅವರ ಇಂಗ್ಲಿಷ್ ಗ್ರಂಥವು ಹೊರಬಂದಿತು. ಮುನ್ನುಡಿ ಬರೆದವರು ಜವಾಹರಲಾಲ ನೆಹರೂ ಅವರು. ಗ್ರಂಥವು ಬಹುಕಾಲ ದುರ್ಲಭವಾಗಿದ್ದು ೨೦೦೮ರಲ್ಲಿ ಪುನರ್ಮುದ್ರಣಗೊಂಡಿತು.

ಗ್ರಂಥದ ಹೆಸರಿನಲ್ಲಿಯೇ ಒಂದು ಸೊಗಸಿದೆ. ‘ಸೈಕಲ್ ಸವಾರರ ಪ್ರಪಂಚಪ್ರವಾಸ’ ಎಂದಿಡಬಹುದಾಗಿತ್ತು. ಅವರು ‘ಸವಾರರ ಜೊತೆಯಲ್ಲಿ’ ಎಂದಿಟ್ಟರು. ಜೊತೆಯಲ್ಲಿ ಯಾರು? ಓದುವವನು. ತೆಲುಗಿನ ಮಾತಿನಲ್ಲಿ ಹೇಳುವುದಾದರೆ ಇದು ‘ಮೇಮು’ ಅಲ್ಲ, ‘ಮನಮು’. ಮನೆಯ ಜಗುಲಿಯಲ್ಲಿ ಕುಳಿತ ಅಪರಿಚಿತ ವಾಚಕನಿಗೆ ಏಳನೆಯ ಸೈಕಲ್ಲೊಂದನ್ನು ಕೊಟ್ಟು ಕರೆದೊಯ್ದ ಈ ಔದಾರ್ಯವನ್ನು ನಾನು ಮನಃಪೂರ್ವಕವಾಗಿ ಮೆಚ್ಚುತ್ತೇನೆ.

ಆದರೆ ಲೆಕ್ಕವನ್ನು ನೋಡಬೇಕು. ಹೊರಟವರು ಆರು, ಮರಳಿ ಮುಂಬಯಿಯನ್ನು ಸೈಕಲ್ಲಿನ ಮೇಲೆ ಸೇರಿದವರು ಮೂವರು, ಗ್ರಂಥದ ಮೇಲಿರುವ ಹೆಸರುಗಳೂ ಆ ಮೂವರವೇ. ಕಪಾಡಿಯ ಅವರು ಟೆಹರಾನಿನಿಂದ ಹಿಂದಿರುಗಿದರು. ಕಾರಣವೆಂದು ನಮಗೆ ದೊರೆಯುವುದು ಅದು ಸ್ವಂತದ್ದು ಎಂಬಷ್ಟೇ. ಹಾಥೀರಾಮ್ ಅವರು ಅಮೆರಿಕೆಯಲ್ಲಿಯೇ ನೆಲೆಸಲು ನಿಶ್ಚಯಿಸಿದರು. ಪೋಚಖಾನಾವಾಲ ಅವರು ಗೆಳೆಯನ ಈ ನಿಶ್ಚಯದಿಂದ ಮನನೊಂದು ತಾವೂ ಮುಂದುವರಿಯದೆ ಊರಿಗೆ ಮರಳಿದರು. ಗೆಳೆಯನೊಬ್ಬನು ಪರದೇಶದಲ್ಲಿ ಉಳಿದನೆಂದು ಇನ್ನೊಬ್ಬನು ಅರ್ಧಪ್ರಪಂಚದ ದಾರಿಯನ್ನು ಬಿಟ್ಟುಬಿಟ್ಟನು! ಮರಳುಗಾಡಿನ ಬಿಸಿಲನ್ನೂ ಪರ್ವತಗಳ ಹಿಮವನ್ನೂ ತಡೆದ ತರುಣನನ್ನು ನಿಲ್ಲಿಸಿದುದು ಒಂದು ಸ್ನೇಹಭಂಗ. ಇಲ್ಲಿ ಒಂದು ಕರುಣಕಾವ್ಯವೇ ಅಡಗಿದೆ. ಆ ಕಾವ್ಯವನ್ನು ಬರೆಯಬಲ್ಲವನು ಅವನೊಬ್ಬನೇ. ಅವನು ಗ್ರಂಥಕರ್ತರಲ್ಲಿ ಒಬ್ಬನಾಗಿಲ್ಲ.

ಇದಕ್ಕಿಂತ ಕಠಿಣವಾದ ಉದಾಹರಣೆಯೊಂದು ಅಮೆರಿಕೆಯಲ್ಲಿದೆ. ೧೮೯೭ನೆಯ ಜೂನ್ ೧೪ರಂದು ಅಲ್ಲಿಯ ಇಪ್ಪತ್ತೈದನೆಯ ಪದಾತಿದಳದ ಇಪ್ಪತ್ತು ಮಂದಿ ಕರಿಯ ಸೈನಿಕರು, ಜೇಮ್ಸ್ ಮಾಸ್ ಎಂಬ ಬಿಳಿಯ ಲೆಫ್ಟಿನೆಂಟನ ಕೈಕೆಳಗೆ, ಮೊಂಟಾನದ ಮಿಸೂಲಾ ಕೋಟೆಯಿಂದ ಸೇಂಟ್ ಲೂಯಿ ನಗರಕ್ಕೆ ಸೈಕಲ್ಲಿನ ಮೇಲೆ ಹೊರಟರು. ಕುದುರೆಯ ಕೆಲಸವನ್ನು ಸೈಕಲ್ಲು ಮಾಡಬಲ್ಲುದೇ ಎಂದು ಸೈನ್ಯದವರು ನೋಡಬೇಕಾಗಿತ್ತು. ಜೊತೆಗೆ ಒಬ್ಬ ವೈದ್ಯ, ಒಬ್ಬ ಪತ್ರಿಕಾಬಾತ್ಮೀದಾರ. ಚಕ್ರಕ್ಕೆ ಅಂಟಿ ಬಿಡದ ಜೇಡಿಮಣ್ಣಿನಲ್ಲಿ ಸೈಕಲ್ಲುಗಳನ್ನು ನೂಕುತ್ತ, ಕೆಲವೆಡೆ ರೈಲುಕಂಬಿಗಳ ನಡುವಣ ದಿಮ್ಮಿಗಳ ಮೇಲೆ ಕುಲುಕುತ್ತ, ನೆಬ್ರಾಸ್ಕದ ಮರಳುಗುಡ್ಡಗಳಲ್ಲಿ ಕ್ಷಾರದ ನೀರನ್ನು ಕುಡಿದು ಕಾಯಿಲೆ ಬೀಳುತ್ತ, ಅವರು ಸುಮಾರು ೧,೯೦೦ ಮೈಲಿಗಳನ್ನು ನಲವತ್ತೊಂದು ದಿನಗಳಲ್ಲಿ ದಾಟಿ ಜುಲೈ ೨೪ರಂದು ಊರು ಸೇರಿದರು. ಈ ಯಾತ್ರೆಯ ವಿವರವಾದ ವೃತ್ತಾಂತವು ನಮಗೆ ದೊರೆಯುವುದು ಯಾರಿಂದ? ವರದಿ ಬರೆದ ಅಧಿಕಾರಿಯಿಂದ, ಪತ್ರಿಕೆಗೆ ಬರೆದ ಬಾತ್ಮೀದಾರನಿಂದ. ಪೆಡಲು ತುಳಿದ ಇಪ್ಪತ್ತು ಜನರ ಬಾಯಿಂದ ಬಂದ ಮಾತು ಬಹು ಸ್ವಲ್ಪ. ಅವರಲ್ಲಿ ಹಿರಿಯನಾದ ಮಿಂಗೋ ಸ್ಯಾಂಡರ್ಸ್ ಎಂಬ ಸಾರ್ಜೆಂಟನು, ೧೯೦೬ರಲ್ಲಿ ಬ್ರೌನ್ಸ್‌ವಿಲ್ ಎಂಬಲ್ಲಿ ನಡೆದ ಗಲಭೆಯ ನೆಪದಿಂದ, ವಿಚಾರಣೆಯಿಲ್ಲದೆ ಸೇವೆಯಿಂದ ತೆಗೆದುಹಾಕಲ್ಪಟ್ಟ ೧೬೭ ಸೈನಿಕರಲ್ಲಿ ಒಬ್ಬನು. ಆ ಅನ್ಯಾಯವನ್ನು ಸರ್ಕಾರವು ಸರಿಪಡಿಸಿದುದು ೧೯೭೨ರಲ್ಲಿ. ಸ್ಯಾಂಡರ್ಸನು ೧೯೨೯ರಲ್ಲಿಯೇ ತೀರಿಹೋಗಿದ್ದನು. ಯಾತ್ರೆಯ ಕಥೆಯಲ್ಲಿ ಸ್ವರವಿಲ್ಲದವನಿಗೆ ವಿಚಾರಣೆಯ ಕಾಲದಲ್ಲಿಯೂ ಸ್ವರವಿಲ್ಲದೆಹೋಯಿತು.

ಇಲ್ಲಿ ಪೂರ್ವಪಕ್ಷವನ್ನು ಕೇಳಬೇಕು. ಪ್ರವಾಸಗ್ರಂಥದ ವಿಷಯ ದಾರಿಯೇ ಹೊರತು ಸಂಗಡಿಗರ ಮನಸ್ತಾಪವಲ್ಲ ಎಂದು ಕೆಲವರು ಹೇಳಬಹುದು. ಬಿಟ್ಟುಹೋದವನ ಗುಟ್ಟನ್ನು ಬಯಲಿಗೆಳೆಯುವುದು ಸಜ್ಜನರ ಲಕ್ಷಣವಲ್ಲ, ಮೌನವೇ ದಾಕ್ಷಿಣ್ಯವೆಂದು ಮತ್ತೆ ಕೆಲವರು ಹೇಳಬಹುದು. ಎರಡನೆಯ ಆಕ್ಷೇಪಕ್ಕೆ ಬಲವಿದೆ. ಟೆಹರಾನಿನಿಂದ ಹಿಂದಿರುಗಿದವರ ಸ್ವಂತ ಕಾರಣವನ್ನು ತಿಳಿಯುವ ಹಕ್ಕು ನಮಗಿಲ್ಲ. ಆದರೆ ಕಾರಣವನ್ನು ಹೇಳುವುದು ಬೇರೆ, ಅಗಲಿಕೆಯನ್ನು ಹೇಳುವುದು ಬೇರೆ. ‘ಅವನು ಏಕೆ ಹೋದನು’ ಎಂಬುದು ಅವನಿಗೆ ಸೇರಿದ್ದು. ‘ಅವನು ಹೋದಮೇಲೆ ನಮಗೇನಾಯಿತು’ ಎಂಬುದು ಬರೆಯುವವರಿಗೆ ಸೇರಿದ್ದು. ಮೊದಲನೆಯದನ್ನು ಮುಚ್ಚಬಹುದು, ಎರಡನೆಯದನ್ನು ಮುಚ್ಚಿದರೆ ಕಥನವೇ ಅಷ್ಟರ ಮಟ್ಟಿಗೆ ಸುಳ್ಳಾಗುವುದು.

ಮೊದಲನೆಯ ಆಕ್ಷೇಪಕ್ಕೆ ಸಮಾಧಾನವು ಸೈಕಲ್ಲಿನಲ್ಲಿಯೇ ಇದೆ. ಐವರು ಸಾಲಾಗಿ ಹೋಗುವಾಗ ಮುಂದಿನವನು ಎದುರುಗಾಳಿಯನ್ನು ಸೀಳುವನು. ಅವನ ಹಿಂದೆ ಒತ್ತಿಕೊಂಡು ಬರುವವರಿಗೆ ಶ್ರಮವು ಎಷ್ಟೋ ಕಡಮೆ. ಆದುದರಿಂದ ಸರದಿಯಂತೆ ಮುಂದಾಗುವರು. ಒಬ್ಬನ ಟ್ಯೂಬು ಪಂಕ್ಚರಾದರೆ ಎಲ್ಲರೂ ನಿಲ್ಲಬೇಕು. ಒಬ್ಬನ ಉಸಿರು ಏರಿದರೆ ಎಲ್ಲರ ವೇಗವೂ ಇಳಿಯಬೇಕು. ಮುಂದಿರುವವನಿಗೆ ದಾರಿ, ಮರ, ಬೆಟ್ಟ ಎಲ್ಲವೂ ಕಾಣುವುವು. ಹಿಂದಿರುವವನಿಗೆ ಬಹುಪಾಲು ಮುಂದಿನವನ ಹಿಂಚಕ್ರವೊಂದೇ ಕಾಣುವುದು. ಹೀಗಿರಲು ಸಂಗಡಿಗರನ್ನು ಬಿಟ್ಟು ‘ದಾರಿ’ ಎಂಬ ಬೇರೊಂದು ವಸ್ತುವು ಎಲ್ಲಿದೆ? ತಂಡದಲ್ಲಿ ಹೋದವನಿಗೆ ಸಂಗಡಿಗರೇ ದಾರಿಯ ಒಂದಂಶ. ದಂಡಿಯು ಸ್ವಭಾವೋಕ್ತಿಯನ್ನು ಅಲಂಕಾರಗಳಲ್ಲಿ ಮೊದಲನೆಯದೆಂದು ಎಣಿಸಿದನು. ಕುಂತಕನು ಅದು ಅಲಂಕಾರವೇ ಅಲ್ಲ, ಅಲಂಕರಿಸಲ್ಪಡಬೇಕಾದ ವಸ್ತುವೆಂದನು. ಈ ವಾದದಲ್ಲಿ ಯಾರ ಪಕ್ಷವನ್ನು ಹಿಡಿದರೂ ಸ್ವಭಾವವನ್ನು ಕಾಣದೆ ಬರೆದುದು ಕಾವ್ಯವಲ್ಲವೆಂಬುದು ನಿಶ್ಚಯ. ನಮ್ಮ ಸೈಕಲ್ ಪ್ರವಾಸಿಗಳ ಬರವಣಿಗೆಯಲ್ಲಿ ದಿನಕ್ಕೆಷ್ಟು ಮೈಲಿ, ಒಟ್ಟು ಎಷ್ಟು ದಿನ ಎಂಬ ಲೆಕ್ಕವು ಎಷ್ಟೋ ಸಲ ಸ್ವಭಾವೋಕ್ತಿಯ ಜಾಗದಲ್ಲಿ ಕುಳಿತುಬಿಡುತ್ತದೆ. ಲೆಕ್ಕವು ಸರಿಯಾಗಿರಬಹುದು, ಆದರೆ ಎಣಿಸಿದುದು ಮೈಲಿಗಲ್ಲುಗಳನ್ನು, ಮನುಷ್ಯರನ್ನಲ್ಲ.

ತಂಡವಾಗಿ ಹೊರಟು ಒಬ್ಬೊಬ್ಬರಾಗಿ ಕಳೆದುಹೋದವರ ಕಥೆಯನ್ನು ಹೇಗೆ ಹೇಳಬೇಕೆಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಮಹಾಪ್ರಸ್ಥಾನಿಕಪರ್ವವು ಇದ್ದೇ ಇದೆ. ಪಾಂಡವರು ಐವರು, ದ್ರೌಪದಿ, ಹಿಂಬಾಲಿಸಿದ ಒಂದು ನಾಯಿ, ಹೀಗೆ ಏಳು ಜೀವಗಳು ಭೂಮಿಯನ್ನು ಬಲವಂದು ಉತ್ತರಕ್ಕೆ ನಡೆದುವು. ಮೊದಲು ದ್ರೌಪದಿ ಬಿದ್ದಳು. ಬಳಿಕ ಸಹದೇವ, ನಕುಲ, ಅರ್ಜುನ, ಕಡೆಗೆ ಭೀಮ. ಯುಧಿಷ್ಠಿರನು ಹಿಂದಿರುಗಿ ನೋಡದೆ ನಡೆದನು. ಆದರೆ ಒಬ್ಬೊಬ್ಬರು ಬಿದ್ದಾಗಲೂ ಭೀಮನು ಕೇಳಿದನು, ಯುಧಿಷ್ಠಿರನು ಉತ್ತರ ಕೊಟ್ಟನು, ವ್ಯಾಸರು ಬರೆದರು. ‘ಅನಿವಾರ್ಯಕಾರಣದಿಂದ ನಾಲ್ವರು ಸಹೋದರರು ಮುಂದುವರಿಯಲಿಲ್ಲ’ ಎಂದು ಒಂದು ವಾಕ್ಯದಲ್ಲಿ ಮುಗಿಸಲಿಲ್ಲ. ಪ್ರತಿಯೊಬ್ಬರಿಗೂ ಹೆಸರಿದೆ, ಅವರು ಬಿದ್ದ ಹೊತ್ತಿದೆ, ಕೇಳುವವನೊಬ್ಬನಿದ್ದಾನೆ. ಯಾತ್ರಿಕನು ಹಿಂದಿರುಗಿ ನೋಡದಿರಬಹುದು. ಅದು ಅವನ ವ್ರತ. ಕವಿಯು ಮಾತ್ರ ನೋಡಲೇಬೇಕು. ತಾನೇ ಯಾತ್ರಿಕನೂ ತಾನೇ ಲೇಖಕನೂ ಆದವನು, ದಾರಿಯಲ್ಲಿ ನೋಡದಿದ್ದರೆ ಮನೆಗೆ ಬಂದಮೇಲಾದರೂ ನೋಡಬೇಕು.

ವ್ಯಾಕರಣವೂ ಇದನ್ನೇ ಹೇಳುವುದು. ಪಾಣಿನಿಯ ಶಾಸ್ತ್ರದಲ್ಲಿ ಏಕಶೇಷವೆಂಬ ಒಂದು ವಿಧಾನವಿದೆ. ಒಂದೇ ರೂಪದ ಹಲವು ಶಬ್ದಗಳು ಕೂಡಿದಾಗ ಒಂದು ಮಾತ್ರ ಉಳಿದು ಮಿಕ್ಕವು ಲೋಪವಾಗುವುವು. ಆದರೆ ಲೋಪವಾದವುಗಳ ಅರ್ಥವು ಲೋಪವಾಗುವುದಿಲ್ಲ; ಉಳಿದುದು ಬಹುವಚನವನ್ನು ಧರಿಸಿ ಅಷ್ಟನ್ನೂ ಹೊರುವುದು. ತಂಡದ ಕಥೆಯನ್ನು ಬರೆಯಲು ಉಳಿದವನು ಇಂತಹ ಶೇಷನು. ಹೋದವರ ಭಾರವನ್ನು ಹೊತ್ತರೆ ಅವನ ‘ನಾವು’ ಸಾಧು. ಹೊರದಿದ್ದರೆ ಅದು ಬಹುವಚನದ ವೇಷ ಹಾಕಿದ ‘ನಾನು’.

ಇಷ್ಟನ್ನು ಆಲೋಚಿಸಿಕೊಂಡು ನಾನು ಆ ನಾಲ್ವರನ್ನು ಕರೆಸಿದೆನು. “ನಾಗಪುರದಲ್ಲಿ ಏನಾಯಿತಪ್ಪ?” ಎಂದು ಕೇಳಿದೆನು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬಳಿಕ ಒಬ್ಬನು ಹೇಳಿದನು: “ಆದಿಲಾಬಾದಿನಿಂದಲೇ ಅವನ ಮೊಣಕಾಲು ಊದಿತ್ತಂತೆ, ಮೇಷ್ಟ್ರೇ. ನಮ್ಮ ವೇಗ ಕಡಮೆಯಾಗುತ್ತದೆಂದು ಹೇಳಲಿಲ್ಲ. ನಾವು ಮುಂದಿದ್ದೆವು, ನೋಡಲಿಲ್ಲ.” ಇನ್ನೊಬ್ಬನೆಂದನು: “ಅವನನ್ನು ರೈಲು ಹತ್ತಿಸಿದ ದಿನ ನಾವು ಸೈಕಲ್ಲು ತುಳಿಯಲಿಲ್ಲ. ಸ್ಟೇಷನ್ನಿನಲ್ಲಿಯೇ ಕೂತಿದ್ದೆವು. ಬರೆಯುವಾಗ ಅದು ಹೇಗೆ ಬರೆಯುವುದೋ ತಿಳಿಯಲಿಲ್ಲ.” ಮೂರನೆಯವನು ತಲೆ ತಗ್ಗಿಸಿಯೇ ಹೇಳಿದ ಮಾತು ಇದು: “ಹೋಗುವಾಗ ತನ್ನ ಪಂಪನ್ನು ನಮಗೆ ಕೊಟ್ಟುಹೋದ. ಕಾಶಿಯವರೆಗೆ ಗಾಳಿ ಹೊಡೆದುಕೊಂಡಿದ್ದು ಅದರಲ್ಲೇ.”

ಅವರು ಹೋದಮೇಲೆ ಪ್ರತಿಯನ್ನು ಮತ್ತೆ ನೋಡಿದೆನು. ನಾಗಪುರದಿಂದ ಮುಂದಕ್ಕೆ ಮೂರು ಕಡೆ ಪಂಪಿನ ಪ್ರಸ್ತಾಪವಿದೆ. ಮೂರು ಕಡೆಯೂ ‘ನಮ್ಮ ಪಂಪು’ ಎಂದಿದೆ. ಆ ‘ನಮ್ಮ’ ಎಂಬುದು ಅವರಿಗೆ ಅರಿವಿಲ್ಲದೆಯೇ ಸರಿಯಾಗಿ ಬಿದ್ದಿತ್ತು. ಐದನೆಯವನು ಪುಸ್ತಕದಿಂದ ಪೂರ್ತಿಯಾಗಿ ಹೋಗಿರಲಿಲ್ಲ. ಓದುವವನಿಗೆ ಕಾಣದಂತೆ ಇದ್ದನು. ಇಡೀ ಗ್ರಂಥದಲ್ಲಿ ಅತ್ಯುತ್ತಮವಾಗಬಹುದಾಗಿದ್ದ ಎರಡು ಪುಟಗಳು ಬರೆಯದೆ ಉಳಿದಿದ್ದುವು.

ಈ ವಿಮರ್ಶೆಯಲ್ಲಿ ದೊಡ್ಡ ಗ್ರಂಥಗಳ ಕೊರತೆಯನ್ನು ಎತ್ತಿ ಆಡಿದ ಮೇಲೆ ನನ್ನದನ್ನು ಮುಚ್ಚಿಡುವುದು ನ್ಯಾಯವಲ್ಲ. ಅಂಚಿನಲ್ಲಿ ನಾನು ಬರೆದ ‘ಸೊಗಸಾಗಿದೆ’ ಎಂಬವುಗಳಲ್ಲಿ ಒಂದು ನಾಗಪುರದ ಆ ಪುಟದಲ್ಲಿಯೇ ಇತ್ತು. ಕಿತ್ತಿಳೆಯ ಅಂಗಡಿಗಳ ವರ್ಣನೆಗೆ ಮೆಚ್ಚಿ ಬರೆದುದು. ಅದನ್ನು ಹೊಡೆದುಹಾಕಿದ್ದೇನೆ. ಸ್ಟೇಷನ್ನಿನಲ್ಲಿ ಕಳೆದ ಆ ದಿನವನ್ನು ಬರೆಯಲು ನಾಲ್ವರೂ ಒಪ್ಪಿದ್ದಾರೆ. ಐದನೆಯವನನ್ನು ಕೇಳಿದಾಗ, ಕಾರಣ ಬರೆದರೂ ಅಡ್ಡಿಯಿಲ್ಲ, ಆದರೆ ಪಂಪಿನ ಮಾತು ಇರಲಿ ಎಂದನು. ಆ ಪುಟಗಳು ಬಂದ ದಿನ ಮುನ್ನುಡಿಯನ್ನು ಬರೆಯುವೆನು.